ಹಳ್ಳಿಗಾಡಿನ ಆಸ್ಪತ್ರೆಗಳ ಹಿರಿಯರು ಕೂಡುವ ಸಭೆ: ಒಂದು ಚಾರಿತ್ರಿಕ ಅವಲೋಕನ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ಸಭಿಕರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮಂಡಿನೋವಿನ ಮಾತನ್ನು ನಿರೀಕ್ಷಿಸುತ್ತಾರೆ. ಅಡುಗೆಮನೆಯಿಂದ ಹೋಳಿಗೆಯ ಪರಿಮಳ ಬರುತ್ತಿರುವ ಈ ಹೊತ್ತಿನಲ್ಲಿ ಸಕ್ಕರೆ ಕಾಯಿಲೆಯ ಪ್ರಸ್ತಾಪ ಮಾಡುವಷ್ಟು ನಿಷ್ಕರುಣಿಗಳು ನಾವಲ್ಲ. ಆದ್ದರಿಂದ ಇಂದು ರೋಗದ ವಿಷಯವನ್ನು ಬದಿಗಿಟ್ಟು, ಸಣ್ಣ ಊರುಗಳ ಆಸ್ಪತ್ರೆಗಳನ್ನು ನಡೆಸಿಕೊಂಡು ಬಂದವರ ಇತಿಹಾಸವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಪ್ರತಿ ವರ್ಷವೂ ಈ ದೇಶದ ಗ್ರಾಮೀಣ ಮತ್ತು ಸಮುದಾಯ ಆಸ್ಪತ್ರೆಗಳ ಹಿರಿಯರು ಒಂದೆಡೆ ಸೇರುತ್ತಾರೆ. ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ ಚಳಿಗಾಲದ ಕೊನೆಯಲ್ಲಿ ಫೀನಿಕ್ಸ್, ಸ್ಯಾನ್ ಆಂಟೋನಿಯೊ, ಒರ್ಲ್ಯಾಂಡೊಗಳಂಥ ಬೆಚ್ಚನೆಯ ಊರುಗಳಲ್ಲಿ ಇಂಥವರಿಗಾಗಿಯೇ ಒಂದು ಸಮ್ಮೇಳನವನ್ನು ಏರ್ಪಡಿಸುತ್ತದೆ. ನ್ಯಾಷನಲ್ ರೂರಲ್ ಹೆಲ್ತ್ ಅಸೋಸಿಯೇಷನ್ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿ ಶಾಸಕರ ಬಾಗಿಲು ತಟ್ಟುತ್ತದೆ; ಬೇಸಗೆಯ ಆರಂಭದಲ್ಲಿ ತನ್ನ ವಾರ್ಷಿಕ ಸಮ್ಮೇಳನವನ್ನು ನಡೆಸುತ್ತದೆ. 2025ರ ಮೇ ತಿಂಗಳಲ್ಲಿ ಆ ಸಮ್ಮೇಳನ ಅಟ್ಲಾಂಟಾದಲ್ಲಿ ನಡೆಯಿತು.

ಅಲ್ಲಿಗೆ ಬರುವವರು ಯಾರು? ಹೆಸರಾಂತ ಶಸ್ತ್ರಚಿಕಿತ್ಸಕರಾಗಲಿ ಸಂಶೋಧಕರಾಗಲಿ ಅಲ್ಲಿ ವಿರಳ. ಇಪ್ಪತ್ತೈದು ಹಾಸಿಗೆಗಳ ಆಸ್ಪತ್ರೆಯೊಂದರ ಆಡಳಿತಾಧಿಕಾರಿ, ಹಿಂದೆ ಅದೇ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿಯಾಗಿದ್ದವರು. ಊರಿನ ಬ್ಯಾಂಕಿನ ವ್ಯವಸ್ಥಾಪಕರು, ಔಷಧದ ಅಂಗಡಿಯ ಮಾಲೀಕರು, ಹತ್ತಿ ಬೆಳೆಯುವ ರೈತರು, ಚರ್ಚಿನ ಪಾದ್ರಿಗಳು, ನಿವೃತ್ತ ಶಿಕ್ಷಕಿಯರು. ಇವರಲ್ಲಿ ಅನೇಕರು ಆಡಳಿತ ಮಂಡಳಿಯ ಧರ್ಮದರ್ಶಿಗಳು. ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವವರು. ಹೆರಿಗೆ ವಿಭಾಗವನ್ನು ಮುಚ್ಚದೆ ಉಳಿಸಿಕೊಳ್ಳುವುದು ಹೇಗೆ, ದಾದಿಯರನ್ನು ಎಲ್ಲಿಂದ ತರುವುದು, ವಿಮೆಯ ಹಣ ತಡವಾದರೆ ತಿಂಗಳ ಸಂಬಳಕ್ಕೆ ಏನು ಮಾಡುವುದು, ಸೋರುವ ಸೂರಿಗೆ ಹಣವೆಲ್ಲಿ: ಅವರ ಮಾತುಕತೆಯ ವಿಷಯಗಳು ಇವು.

ಈ ಸಭೆಯ ಚರಿತ್ರೆಯನ್ನು ಹೇಳಹೊರಟರೆ ನಮ್ಮವರ ಚರಿತ್ರೆಯೂ ಬಂದೇ ಬರುತ್ತದೆ. ಕಳೆದ ಐವತ್ತು ವರ್ಷಗಳಿಂದ ಇಲ್ಲಿಯ ಸಣ್ಣ ಊರುಗಳಲ್ಲಿ ಬಿಳಿಯ ಕೋಟು ತೊಟ್ಟು ದುಡಿದವರಲ್ಲಿ ಭಾರತೀಯರು ಬಹಳ, ಕನ್ನಡಿಗರೂ ಉಂಟು. ಆದರೆ ಆ ಆಸ್ಪತ್ರೆಗಳನ್ನು ನಡೆಸುವ ಮೇಜಿನ ಸುತ್ತ ನಮ್ಮವರನ್ನು ಕಾಣುವುದು ಅಪರೂಪ. ಹೀಗೇಕಾಯಿತು, ಇದರಿಂದ ನಷ್ಟವಾದದ್ದು ಯಾರಿಗೆ ಎಂಬುದೇ ಇಂದಿನ ವಿಷಯ.

ಲೆಕ್ಕದ ಪುಸ್ತಕದಿಂದ ಆರಂಭ

1899ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬೆರಳೆಣಿಕೆಯಷ್ಟು ಮಂದಿ ಆಸ್ಪತ್ರೆಯ ಮೇಲ್ವಿಚಾರಕರು ಸೇರಿ ಒಂದು ಸಂಘವನ್ನು ಕಟ್ಟಿದರು. ಔಷಧ, ಬಟ್ಟೆ, ಕಲ್ಲಿದ್ದಲುಗಳನ್ನು ಒದಗಿಸುವುದು, ದಾದಿಯರನ್ನು ತರಬೇತುಗೊಳಿಸುವುದು ಇವೆಲ್ಲ ಅವರವರ ಪಾಡಾಗಿದ್ದ ಕಾಲವದು. ಒಬ್ಬರ ಅನುಭವ ಇನ್ನೊಬ್ಬರಿಗೆ ಆಗಲಿ ಎಂಬ ಸರಳ ಉದ್ದೇಶದಿಂದ ಆರಂಭವಾದ ಆ ಕೂಟವೇ 1906ರಲ್ಲಿ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ ಎಂಬ ಹೆಸರನ್ನು ಪಡೆಯಿತು.

ಆದರೆ ಹಳ್ಳಿಗಾಡಿನ ಆಸ್ಪತ್ರೆಗೆ ನಿಜವಾದ ಬೆಂಬಲ ದೊರೆತದ್ದು ನಮ್ಮ ನೆರೆಯ ಕ್ಯಾರೊಲಿನಾಗಳಲ್ಲಿ. ಹೊಗೆಸೊಪ್ಪಿನಿಂದಲೂ ಜಲವಿದ್ಯುತ್ತಿನಿಂದಲೂ ಅಪಾರ ಸಂಪತ್ತನ್ನು ಗಳಿಸಿದ್ದ ಜೇಮ್ಸ್ ಬುಕ್ಯಾನನ್ ಡ್ಯೂಕ್ 1924ರ ಡಿಸೆಂಬರಿನಲ್ಲಿ ನಾಲ್ಕು ಕೋಟಿ ಡಾಲರುಗಳ ದತ್ತಿಯನ್ನು ಸ್ಥಾಪಿಸಿದರು. ಅದರ ಆದಾಯದಲ್ಲಿ ದೊಡ್ಡ ಪಾಲೊಂದು ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳ ಲಾಭರಹಿತ ಆಸ್ಪತ್ರೆಗಳಿಗೆ ಮೀಸಲಾಯಿತು. ಹಣ ಕೊಡಲಾಗದ ಬಡ ರೋಗಿಯನ್ನು ಇಟ್ಟುಕೊಂಡ ಪ್ರತಿ ಹಾಸಿಗೆಗೆ ದಿನವೊಂದಕ್ಕೆ ಒಂದು ಡಾಲರಿನವರೆಗೆ ಕೊಡುವುದು ಅಲ್ಲಿಯ ಕ್ರಮ. ತಮಗೆ ಕುತೂಹಲವೆನಿಸಬಹುದು, ಅದೇ 1924ರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ತನ್ನ ವೈದ್ಯಕೀಯ ಕಾಲೇಜನ್ನು ತೆರೆಯಿತು. ಆ ಕಾಲೇಜಿನಿಂದ ಹೊರಬಂದವರು ಮುಂದೆ ಈ ಡಾಲರಿನ ಸೀಮೆಗೇ ಬಂದು ಸೇರಿದರು.

ಡ್ಯೂಕ್ ದತ್ತಿಯ ಆಸ್ಪತ್ರೆ ವಿಭಾಗದ ಹೊಣೆಯನ್ನು ಹೊತ್ತವರು ಡಾ. ವಾಟ್ಸನ್ ಸ್ಮಿತ್ ರ್‍ಯಾಂಕಿನ್. ಅದಕ್ಕೆ ಮುಂಚೆ ಅವರು ಉತ್ತರ ಕ್ಯಾರೊಲಿನಾದ ರಾಜ್ಯ ಆರೋಗ್ಯಾಧಿಕಾರಿಯಾಗಿದ್ದವರು. ಹಣ ಬೇಕೆಂದರೆ ಆಸ್ಪತ್ರೆಯು ವರ್ಷಕ್ಕೊಮ್ಮೆ ತನ್ನ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಒಪ್ಪಿಸಬೇಕಾಗಿತ್ತು. ರೋಗಿಗಳೆಷ್ಟು, ಎಷ್ಟು ದಿನ ಇದ್ದರು, ಒಂದು ದಿನದ ವೆಚ್ಚವೆಷ್ಟು, ಬಡವರೆಷ್ಟು ಎಂಬ ವಿವರಗಳು ಅದರಲ್ಲಿರಬೇಕು. ಡಾಲರಿಗಿಂತ ಈ ನಿಬಂಧನೆಯೇ ಹೆಚ್ಚು ಉಪಕಾರ ಮಾಡಿತೆಂದು ನಮ್ಮ ಭಾವನೆ. ಒಂದು ಊರಿನ ಆಸ್ಪತ್ರೆಯ ವೆಚ್ಚವನ್ನು ಇನ್ನೊಂದು ಊರಿನದರ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. 'ನಿಮ್ಮಲ್ಲಿ ಹೀಗೇಕೆ, ನಮ್ಮಲ್ಲಿ ಹೀಗೇಕೆ' ಎಂಬ ಪ್ರಶ್ನೆ ಹುಟ್ಟಿತು. ಇಂದಿಗೂ ವಾರ್ಷಿಕ ಸಮ್ಮೇಳನದ ಹೃದಯ ಈ ಪ್ರಶ್ನೆಯೇ.

1946: ಎರಡು ದೇಶ, ಒಂದೇ ವರ್ಷ

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಆಗಸ್ಟ್ 13ರಂದು ಅಧ್ಯಕ್ಷ ಟ್ರೂಮನ್ ಒಂದು ಕಾಯಿದೆಗೆ ಸಹಿ ಹಾಕಿದರು. ಅಲಬಾಮಾದ ಲಿಸ್ಟರ್ ಹಿಲ್, ಒಹಾಯೊದ ಹೆರಾಲ್ಡ್ ಬರ್ಟನ್ ಎಂಬ ಸೆನೆಟರುಗಳ ಹೆಸರಿನಿಂದ ಅದು ಹಿಲ್-ಬರ್ಟನ್ ಕಾಯಿದೆ ಎಂದು ಪ್ರಸಿದ್ಧವಾಯಿತು. ಸಾವಿರ ಜನಕ್ಕೆ ನಾಲ್ಕೂವರೆ ಹಾಸಿಗೆಗಳಿರಬೇಕೆಂಬುದು ಅದರ ಗುರಿ. ಆರಂಭದಲ್ಲಿ ಕಟ್ಟಡದ ವೆಚ್ಚದ ಮೂರನೆಯ ಒಂದು ಪಾಲನ್ನು ಮಾತ್ರ ಕೇಂದ್ರ ಸರ್ಕಾರ ಕೊಡುತ್ತಿತ್ತು. ಉಳಿದದ್ದನ್ನು ರಾಜ್ಯವೂ ಊರೂ ಹೊಂದಿಸಬೇಕು, ಕಟ್ಟಿದ ಮೇಲೆ ನಡೆಸಬಲ್ಲೆವೆಂದು ತೋರಿಸಬೇಕು. ಈ ಯೋಜನೆಯ ಹಣದಿಂದ ನಾಲ್ಕು ಸಾವಿರ ಊರುಗಳಲ್ಲಿ ಸುಮಾರು 6,800 ಆಸ್ಪತ್ರೆ, ಚಿಕಿತ್ಸಾಲಯಗಳು ಎದ್ದುವು. ಜಾರ್ಜಿಯ, ಕ್ಯಾರೊಲಿನಾಗಳ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕಾಣುವ ಕೆಂಪಿಟ್ಟಿಗೆಯ, ಚಪ್ಪಟೆ ಸೂರಿನ ಆಸ್ಪತ್ರೆಗಳಲ್ಲಿ ಅನೇಕವು ಆ ಕಾಲದವು.

ಅದೇ 1946ರಲ್ಲಿ ಭಾರತದಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ನಲವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮೊದಲ ಮೆಟ್ಟಿಲು. ಮುಂದೆ ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೊಂದು 75 ಹಾಸಿಗೆಗಳ ಆಸ್ಪತ್ರೆ ಎಂಬ ದೊಡ್ಡ ಕನಸು. ಪ್ರತಿ ಹಳ್ಳಿಯಲ್ಲೂ ಊರವರದೇ ಒಂದು ಆರೋಗ್ಯ ಸಮಿತಿ ಇರಬೇಕೆಂದೂ ಆ ವರದಿ ಹೇಳಿತ್ತು. 1952ರಿಂದ ಆರೋಗ್ಯ ಕೇಂದ್ರಗಳೇನೋ ಎದ್ದುವು; ಊರವರ ಸಮಿತಿಯ ಮಾತು ಮಾತ್ರ ಬಹುಕಾಲ ಕಾಗದದಲ್ಲೇ ಉಳಿಯಿತು.

ಹೌಸ್ ಸರ್ಜನ್ ಆಗಿದ್ದಾಗ ಮೈಸೂರು ಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾವು ಕೆಲವು ವಾರ ಇದ್ದೆವು. ಜನ ಅದನ್ನು 'ಸರ್ಕಾರಿ ಆಸ್ಪತ್ರೆ' ಎನ್ನುತ್ತಿದ್ದರು. 'ನಮ್ಮ ಆಸ್ಪತ್ರೆ' ಎಂದವರನ್ನು ಕಾಣೆವು. ಕಿಟಕಿಯ ಗಾಜು ಒಡೆದರೆ ಅದು ಸರ್ಕಾರದ ಗಾಜು. ಕ್ಯಾರೊಲಿನಾದ ಸಣ್ಣ ಊರಿಗೆ ಬಂದಾಗ ಅಲ್ಲಿಯ ಮುದುಕಿಯೊಬ್ಬರು ಆಸ್ಪತ್ರೆಯ ಒಂದು ಗೋಡೆಯನ್ನು ತೋರಿಸಿ, 'ಇದಕ್ಕೆ ನಮ್ಮ ತಂದೆ ಹೊಗೆಸೊಪ್ಪು ಮಾರಿದ ಹಣದಲ್ಲಿ ಐವತ್ತು ಡಾಲರ್ ಕೊಟ್ಟಿದ್ದರು' ಎಂದರು. ಆ ಐವತ್ತು ಡಾಲರಿನಲ್ಲಿ ಎಷ್ಟು ಇಟ್ಟಿಗೆ ಬಂದೀತು? ಆದರೆ ಅರ್ಧ ಶತಮಾನ ಕಳೆದರೂ ಆ ಗೋಡೆ ಅವರದೇ ಆಗಿತ್ತು.

ನಮ್ಮಲ್ಲಿ ಇಂಥ ಪದ್ಧತಿ ಇರಲಿಲ್ಲವೆಂದಲ್ಲ. ಹಳೆಯ ಮೈಸೂರಿನ ಕೆರೆಗಳನ್ನು ನೆನೆಯಿರಿ. ಕೆರೆ ಕಟ್ಟಿಸಿದವನು ಅರಸನೋ ಪಾಳೆಯಗಾರನೋ ಇರಬಹುದು, ಅವನ ಹೆಸರು ಏರಿಯ ಮೇಲಿನ ಶಾಸನದಲ್ಲಿರುತ್ತದೆ. ಬೇಸಗೆಯಲ್ಲಿ ಊರವರು ಸೇರಿ ಹೂಳೆತ್ತದಿದ್ದರೆ, ತೂಬು ಕಾಯುವ ನೀರುಗಂಟಿಗೆ ಸುಗ್ಗಿಯಲ್ಲಿ ಆಯ ಕೊಡದಿದ್ದರೆ ಆ ಕೆರೆ ಎರಡು ತಲೆಮಾರೂ ಬಾಳುತ್ತಿರಲಿಲ್ಲ. ಕೆರೆಗೆ ಗೊತ್ತಿದ್ದ ಈ ಕ್ರಮವನ್ನು ಆಸ್ಪತ್ರೆಗೆ ಅನ್ವಯಿಸುವುದನ್ನು ನಾವು ಮರೆತೆವು.

ಬಾಗಿಲು ಯಾರಿಗೆ ತೆರೆದಿತ್ತು?

'ನಮ್ಮ ಆಸ್ಪತ್ರೆ' ಎಂಬ ಮಾತಿಗೆ ಒಂದು ಕಪ್ಪು ಮುಖವೂ ಉಂಟು. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಬಗೆದ ದ್ರೋಹವಾಗುತ್ತದೆ. ಹಿಲ್-ಬರ್ಟನ್ ಕಾಯಿದೆಯಲ್ಲಿ, ಬೇರೆ ಬೇರೆ ಜನವರ್ಗಗಳಿಗೆ ಬೇರೆ ಬೇರೆ ಆಸ್ಪತ್ರೆಗಳಿದ್ದರೆ ಅಡ್ಡಿಯಿಲ್ಲ, ಸೌಕರ್ಯ ಸಮನಾಗಿದ್ದರೆ ಸಾಕು ಎಂಬ ಒಂದು ವಿಧಿ ಇತ್ತು. ಹೀಗಾಗಿ ಎಲ್ಲರ ತೆರಿಗೆಯಿಂದ ಕಟ್ಟಿದ ಆಸ್ಪತ್ರೆಗಳ ಬಾಗಿಲು ಕಪ್ಪು ಜನಾಂಗದವರಿಗೆ ಮುಚ್ಚಿರುತ್ತಿತ್ತು.

ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ನಗರದಲ್ಲಿ ಜಾರ್ಜ್ ಸಿಮ್‌ಕಿನ್ಸ್ ಎಂಬ ಕಪ್ಪು ಜನಾಂಗದ ದಂತವೈದ್ಯರಿದ್ದರು. ಹಲ್ಲಿನ ಬಾವಿನಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಅವರಿಂದ ಹಾಸಿಗೆ ದೊರಕಿಸಲಾಗಲಿಲ್ಲ. 1962ರ ಫೆಬ್ರವರಿಯಲ್ಲಿ ಅವರೂ ಇತರ ವೈದ್ಯರೂ ರೋಗಿಗಳೂ ಸೇರಿ ಮೋಸೆಸ್ ಕೋನ್, ವೆಸ್ಲಿ ಲಾಂಗ್ ಎಂಬ ಎರಡು ಆಸ್ಪತ್ರೆಗಳ ಮೇಲೆ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಸೋಲಾಯಿತು. 1963ರ ನವೆಂಬರ್ 1ರಂದು ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಭೇದವನ್ನು ಒಪ್ಪಿದ ಆ ವಿಧಿಯನ್ನೇ ತಳ್ಳಿಹಾಕಿತು. ಸುಪ್ರೀಂ ಕೋರ್ಟು 1964ರ ಮಾರ್ಚಿನಲ್ಲಿ ಅದರಲ್ಲಿ ಕೈಹಾಕಲು ನಿರಾಕರಿಸಿತು. 1966ರ ಜುಲೈ 1ರಂದು ಮೆಡಿಕೇರ್ ಜಾರಿಗೆ ಬಂದಾಗ, ಭೇದ ಮಾಡುವ ಆಸ್ಪತ್ರೆಗೆ ಹಣವಿಲ್ಲ ಎಂಬ ನಿಯಮ ಉಳಿದ ಬಾಗಿಲುಗಳನ್ನೂ ತೆರೆಸಿತು. ಗ್ರೀನ್ಸ್‌ಬರೊದ ಆಸ್ಪತ್ರೆ ಸಂಸ್ಥೆ 2016ರಲ್ಲಿ, ಆ ದಾವೆಯ ವಾದಿಗಳಲ್ಲಿ ಬದುಕಿದ್ದ ಕೊನೆಯ ವೈದ್ಯರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿತು.

ಈ ಪ್ರಸಂಗದಿಂದ ನಾವು ಎರಡು ಸಂಗತಿಗಳನ್ನು ತಿಳಿಯಬೇಕು. ಯಾರನ್ನು ಒಳಗೆ ಬಿಡಬೇಕೆಂಬ ತೀರ್ಮಾನ ಆಗುತ್ತಿದ್ದುದು ಆಡಳಿತ ಮಂಡಳಿಯ ಮೇಜಿನ ಬಳಿ. ಆ ಮೇಜಿನ ಸುತ್ತ ಯಾರಿಲ್ಲವೋ ಅವರಿಗೆ ಹಾಸಿಗೆಯೂ ಇರಲಿಲ್ಲ. ಇನ್ನೊಂದು, ಕಂದುಬಣ್ಣದ ನಾವು ದಕ್ಷಿಣದ ಆಸ್ಪತ್ರೆಗಳಿಗೆ ವೈದ್ಯರಾಗಿ ನಡೆದುಬಂದ ಬಾಗಿಲನ್ನು ತೆರೆಸಿದವರು ಸಿಮ್‌ಕಿನ್ಸರಂಥವರು. ಈ ಋಣವನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ನಮ್ಮಲ್ಲಿ ಕಡಮೆ.

ನಮ್ಮವರು ಬಂದ ದಾರಿ

1965ರ ವಲಸೆ ಕಾಯಿದೆಯು ಏಷ್ಯದವರಿಗಿದ್ದ ಅಡೆತಡೆಗಳನ್ನು ತೆಗೆಯಿತು. ಅದೇ ವರ್ಷ ಅಂಗೀಕಾರವಾದ ಮೆಡಿಕೇರ್, ಮೆಡಿಕೇಡ್‌ಗಳಿಂದ ವೈದ್ಯರ ಬೇಡಿಕೆ ಏಕಾಏಕಿ ಏರಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲ, ಬೆಳಗಾವಿಗಳ ಕಾಲೇಜುಗಳಲ್ಲಿ ಓದಿದವರು ವಿಮಾನ ಹತ್ತಿದರು. 1976ರ ಕಾಯಿದೆ ಈ ದಾರಿಯನ್ನು ಕಿರಿದುಗೊಳಿಸಿತು. ಅನಂತರ ಬಂದವರಲ್ಲಿ ಹೆಚ್ಚಿನವರು ಜೆ-1 ವೀಸಾದಲ್ಲಿ ಬಂದವರು. ರೆಸಿಡೆನ್ಸಿ ಮುಗಿಸಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬುದು ಅದರ ಷರತ್ತು.

ಇತ್ತ ಹಳ್ಳಿಗಾಡಿನಲ್ಲಿ ಕಷ್ಟಕಾಲ ಆರಂಭವಾಗಿತ್ತು. 1983ರಲ್ಲಿ ಮೆಡಿಕೇರ್ ಹಣ ಕೊಡುವ ರೀತಿ ಬದಲಾಯಿತು. ಆದ ಖರ್ಚನ್ನು ತುಂಬಿಕೊಡುವ ಬದಲು, ಇಂಥ ರೋಗಕ್ಕೆ ಇಷ್ಟು ಎಂದು ಮೊದಲೇ ದರ ಗೊತ್ತುಮಾಡಿದರು. ಅದರಲ್ಲೂ ಹಳ್ಳಿಯ ದರ ನಗರದ ದರಕ್ಕಿಂತ ಕಡಮೆ. ನೂರು ರೋಗಿಗಳಿರುವಲ್ಲಿ ಒಬ್ಬರ ನಷ್ಟ ಇನ್ನೊಬ್ಬರಲ್ಲಿ ಸರಿದೂಗುತ್ತದೆ. ಎಂಟು ರೋಗಿಗಳಿರುವಲ್ಲಿ ಒಬ್ಬರು ತೀವ್ರ ಅಸ್ವಸ್ಥರಾದರೂ ತಿಂಗಳ ಲೆಕ್ಕ ತಲೆಕೆಳಗಾಗುತ್ತದೆ. 1980ರ ದಶಕದಲ್ಲಿ ಇನ್ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಮುಚ್ಚಿದುವು. ಗ್ರಾಮೀಣ ಆಸ್ಪತ್ರೆಗಳವರು ಒಗ್ಗಟ್ಟಾಗಿ ದನಿಯೆತ್ತಲು ಕಲಿತದ್ದು ಆ ದಶಕದಲ್ಲಿ.

ಆ ದನಿ ವ್ಯರ್ಥವಾಗಲಿಲ್ಲ. ಗ್ರಾಮೀಣ ಆರೋಗ್ಯಕ್ಕಾಗಿಯೇ ರಾಜ್ಯಮಟ್ಟದ ಕಚೇರಿಯನ್ನು ದೇಶದಲ್ಲಿ ಮೊದಲು ತೆರೆದದ್ದು ಉತ್ತರ ಕ್ಯಾರೊಲಿನಾ, 1973ರಲ್ಲಿ. ಅದನ್ನು ಕಟ್ಟಿ ಬೆಳೆಸಿದವರು ಜಿಮ್ ಬರ್ನ್‌ಸ್ಟೀನ್. ಸಣ್ಣ ಆಸ್ಪತ್ರೆಗೆ ಬೇರೆಯದೇ ನಿಯಮ ಬೇಕೆಂಬ ವಾದವನ್ನು ಪರೀಕ್ಷಿಸಲು 1989ರಲ್ಲಿ ಹಾಕಿದ ಯೋಜನೆಗೆ ಆಯ್ಕೆಯಾದ ಏಳು ರಾಜ್ಯಗಳಲ್ಲಿ ಅದೂ ಒಂದು. ಅದರ ಅನುಭವದಿಂದ 1997ರಲ್ಲಿ 'ಕ್ರಿಟಿಕಲ್ ಆಕ್ಸೆಸ್' ಎಂಬ ವರ್ಗ ಹುಟ್ಟಿತು. ಇಂದಿನ ನಿಯಮದಂತೆ ಹಾಸಿಗೆ 25ನ್ನು ಮೀರಬಾರದು, ಸಾಮಾನ್ಯವಾಗಿ ಪಕ್ಕದ ಆಸ್ಪತ್ರೆ 35 ಮೈಲಿಗಿಂತ ದೂರವಿರಬೇಕು, ತುರ್ತು ಚಿಕಿತ್ಸೆ ಹಗಲಿರುಳೂ ದೊರೆಯಬೇಕು. ಅಂಥ ಆಸ್ಪತ್ರೆಗೆ ಮೆಡಿಕೇರ್ ಆದ ಖರ್ಚಿನ ಲೆಕ್ಕದಲ್ಲಿ ಹಣ ಕೊಡುತ್ತದೆ. ದೇಶದಲ್ಲಿ ಇಂದು 1,300ಕ್ಕೂ ಹೆಚ್ಚು ಆಸ್ಪತ್ರೆಗಳು ಈ ಆಸರೆಯಿಂದ ಉಸಿರಾಡುತ್ತಿವೆ.

ಕಟ್ಟಡ ಉಳಿದರೆ ಸಾಲದು, ವೈದ್ಯರೂ ಬೇಕಲ್ಲ. 1994ರಲ್ಲಿ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿನ ಯೋಜನೆ ಬಂದಿತು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಜೆ-1 ವೈದ್ಯರು ತಾಯ್ನಾಡಿಗೆ ಮರಳಬೇಕಾಗಿಲ್ಲ. ಮೊದಲು ರಾಜ್ಯಕ್ಕೆ ವರ್ಷಕ್ಕೆ 20 ಮಂದಿ, 2002ರಿಂದ 30. ವಾಷಿಂಗ್ಟನ್ನಿನಲ್ಲಿ ಕಚೇರಿಯುಳ್ಳ ಅಪಲೇಚಿಯನ್ ಪ್ರಾದೇಶಿಕ ಆಯೋಗವೂ ಗುಡ್ಡಗಾಡಿನ ಊರುಗಳಿಗಾಗಿ ಇಂಥ ವಿನಾಯಿತಿಗೆ ಶಿಫಾರಸು ಮಾಡುತ್ತದೆ. ಹೀಗೆ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಓದಿದವರು ಬ್ಲೂ ರಿಡ್ಜ್ ಬೆಟ್ಟಗಳ ತಪ್ಪಲಿಗೆ ಬಂದರು.

ಒಂದು ಖಾಲಿ ಕುರ್ಚಿ

ನಾವೂ ಬಂದದ್ದು ಇದೇ ಹಾದಿಯಲ್ಲಿ. ಮೈಸೂರಿನಲ್ಲಿ ಎಂಬಿಬಿಎಸ್, ಉತ್ತರದ ಒಂದು ನಗರದಲ್ಲಿ ರೆಸಿಡೆನ್ಸಿ ಮುಗಿಸಿ 2000ದ ಜುಲೈಯಲ್ಲಿ ಪೂರ್ವ ಕ್ಯಾರೊಲಿನಾದ ಒಂದು ಸಣ್ಣ ಊರನ್ನು ಸೇರಿದೆವು. ಊರಿನ ಹೆಸರೂ ಆಸ್ಪತ್ರೆಯ ಹೆಸರೂ ಇಲ್ಲಿ ಬೇಡ. ಸುತ್ತಲೂ ಹೊಗೆಸೊಪ್ಪಿನ ಹೊಲ. ಕೊತ್ತಂಬರಿ ಸೊಪ್ಪು, ತೊಗರಿಬೇಳೆ ಬೇಕೆಂದರೆ ಎರಡು ಗಂಟೆ ಪ್ರಯಾಣ ಮಾಡಿ ರಾಲಿಗೆ ಹೋಗಬೇಕು. ನಮ್ಮ ಮಗಳು ಹುಟ್ಟಿದ್ದು ಆ ಆಸ್ಪತ್ರೆಯಲ್ಲೇ. ಬಾಣಂತಿಗೆ ಅಲ್ಲಿಯ ದಾದಿಯರೇ ತಾಯಿ, ಅತ್ತೆ ಎಲ್ಲ ಆದರು.

ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷರು ಹೊಗೆಸೊಪ್ಪು ಬೆಳೆಯುತ್ತಿದ್ದ ವೃದ್ಧ ರೈತರು. ಶುಕ್ರವಾರಗಳಂದು ಕ್ಯಾಂಟೀನಿಗೆ ಬಂದು ಕಾಫಿ ಕುಡಿಯುತ್ತ ಎಲ್ಲರ ಕ್ಷೇಮ ವಿಚಾರಿಸುತ್ತಿದ್ದರು. 2003ರ ಆರಂಭದಲ್ಲಿ ಒಂದು ದಿನ ನಮ್ಮನ್ನು ಕೂರಿಸಿಕೊಂಡು, ಮಂಡಳಿಯಲ್ಲಿ ವೈದ್ಯರಿಗೆಂದು ಒಂದು ಸ್ಥಾನವಿದೆ, ಅದನ್ನು ತಾವು ವಹಿಸಿಕೊಳ್ಳಬೇಕು ಎಂದರು. 'ಡಾಕ್ಟರೇ, ಲೆಕ್ಕ ನೋಡುವವರು ನಮ್ಮಲ್ಲಿ ಇದ್ದಾರೆ. ರಾತ್ರಿಯ ಹೊತ್ತು ರೋಗಿಯ ಪಕ್ಕ ನಿಂತವರು ಯಾರೂ ಇಲ್ಲ' ಎಂಬುದು ಅವರ ಮಾತು.

ನಾವು ಒಪ್ಪಲಿಲ್ಲ. ಜುಲೈಗೆ ಮೂರು ವರ್ಷ ತುಂಬುತ್ತಿತ್ತು, ಅಟ್ಲಾಂಟಾದಲ್ಲಿ ಕೆಲಸ ಗೊತ್ತಾಗಿತ್ತು. ದೇವಸ್ಥಾನ, ಕನ್ನಡ ಕೂಟ, ಒಳ್ಳೆಯ ಶಾಲೆ ಎಲ್ಲವೂ ಅಲ್ಲಿ. ಅದಕ್ಕಿಂತ ಮಿಗಿಲಾಗಿ, ರೋಗಿಯನ್ನು ನೋಡುವುದು ನಮ್ಮ ಕೆಲಸ, ಊರಿನ ಉಸಾಬರಿ ನಮಗೇಕೆ ಎಂಬ ಭಾವನೆ ಇತ್ತು. ಬಾಡಿಗೆ ಮನೆಯಲ್ಲಿರುವವರು ಗೋಡೆಗೆ ಮೊಳೆ ಹೊಡೆಯಲು ಹಿಂಜರಿಯುವಂತೆ ನಾವು ಆ ಊರಿನಲ್ಲಿದ್ದೆವು.

ಎರಡು ವರ್ಷಗಳ ಅನಂತರ ಅಲ್ಲಿಯ ದಾದಿಯೊಬ್ಬರು ಪತ್ರ ಬರೆದರು. ಹೆರಿಗೆ ವಿಭಾಗವನ್ನು ಮುಚ್ಚಲಾಗಿತ್ತು. ಮಂಡಳಿಯ ಮುಂದೆ ಇದ್ದದ್ದು ಒಂದೇ ಹಾಳೆ: ವರ್ಷಕ್ಕೆ ಇಷ್ಟು ಹೆರಿಗೆ, ಇಷ್ಟು ವೆಚ್ಚ, ಇಷ್ಟು ನಷ್ಟ. ಹೆರಿಗೆಯ ಅನಂತರ ರಕ್ತಸ್ರಾವವಾಗುವ ತಾಯಿಯ ಪಾಲಿಗೆ ಐವತ್ತು ಮೈಲಿ ಎಂದರೆ ಏನು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ. ಅದನ್ನು ಹೇಳಬೇಕಾದ ವೈದ್ಯರ ಕುರ್ಚಿ ಅಂದು ಖಾಲಿಯಾಗಿತ್ತಂತೆ. ನಾವಿದ್ದಿದ್ದರೆ ತೀರ್ಮಾನ ಬದಲಾಗುತ್ತಿತ್ತೆಂದು ಹೇಳಲಾರೆವು. ನಷ್ಟ ನಿಜವಾದ ನಷ್ಟವೇ. ಆದರೆ ಆ ಮಾತು ಸಭೆಯ ದಾಖಲೆಯಲ್ಲಾದರೂ ಇರುತ್ತಿತ್ತು. ನಮ್ಮ ಮಗಳು ಅರ್ಜಿಗಳಲ್ಲಿ ಹುಟ್ಟಿದ ಊರೆಂದು ಬರೆಯುವ ಊರಿನ ಆಸ್ಪತ್ರೆಯಲ್ಲಿ ಈಗ ಮಕ್ಕಳು ಹುಟ್ಟುವುದಿಲ್ಲ.

ಕಾಲ್ನಡಿಗೆಯಲ್ಲಿ ವಾಷಿಂಗ್ಟನ್ನಿಗೆ

ಅಲ್ಲಿಂದೀಚಿನ ಕಥೆ ತಮಗೆ ಪತ್ರಿಕೆಗಳಿಂದ ತಿಳಿದದ್ದೇ. ಚಾಪೆಲ್ ಹಿಲ್ಲಿನ ಸೆಸಿಲ್ ಶೆಪ್ಸ್ ಕೇಂದ್ರವು ಮುಚ್ಚುವ ಗ್ರಾಮೀಣ ಆಸ್ಪತ್ರೆಗಳ ಲೆಕ್ಕವಿಡುತ್ತದೆ. 2010ರಿಂದೀಚೆಗೆ ಆ ಪಟ್ಟಿ ನೂರನ್ನು ಎಂದೋ ದಾಟಿದೆ. ಉತ್ತರ ಕ್ಯಾರೊಲಿನಾದ ಬೆಲ್‌ಹೇವನ್ ಎಂಬ ಕಡಲ ಹಿನ್ನೀರಿನ ಊರಿನ ಪಂಗೊ ಆಸ್ಪತ್ರೆ 2014ರ ಜುಲೈ 1ರಂದು ಮುಚ್ಚಿತು. ಆ ಊರಿನ ಮೇಯರ್ ಆಡಂ ಓನೀಲ್ ಅದೇ ತಿಂಗಳು 273 ಮೈಲಿ ನಡೆದು ವಾಷಿಂಗ್ಟನ್ ತಲಪಿದರು. ಅವರು ರಿಪಬ್ಲಿಕನ್ ಪಕ್ಷದವರು; ಅವರಿಗೆ ಬೆಂಬಲವಾಗಿ ನಿಂತವರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯವರೂ ಇದ್ದರು. ಆಸ್ಪತ್ರೆ ಮತ್ತೆ ತೆರೆಯಲಿಲ್ಲ. ಜಾರ್ಜಿಯದ ಕತ್‌ಬರ್ಟ್ ಊರಿನ ಆಸ್ಪತ್ರೆ 2020ರ ಅಕ್ಟೋಬರಿನಲ್ಲಿ, ಕೋವಿಡ್ ಪಿಡುಗಿನ ನಡುವೆಯೇ, ಬಾಗಿಲು ಹಾಕಿತು. ಉತ್ತರ ಕ್ಯಾರೊಲಿನಾದ ವಿಲಿಯಂಸ್ಟನ್ನಿನ ಮಾರ್ಟಿನ್ ಜನರಲ್ ಆಸ್ಪತ್ರೆ 2023ರ ಆಗಸ್ಟಿನಲ್ಲಿ ಮುಚ್ಚಿತು.

ಮುಚ್ಚಲು ಕಾರಣಗಳು ಹಲವು: ಕುಗ್ಗುವ ಜನಸಂಖ್ಯೆ, ವಿಮೆಯಿಲ್ಲದ ರೋಗಿಗಳು, ಹಳೆಯ ಸಾಲ. ಆದರೆ ಮಂಡಳಿಯವರಿಗೆ ಲೆಕ್ಕವನ್ನು ಓದಲು, ಪ್ರಶ್ನೆ ಕೇಳಲು ಬಾರದಿದ್ದದ್ದೂ ಒಂದು ಕಾರಣವೆಂಬುದನ್ನು ಜಾರ್ಜಿಯ ಶಾಸನಸಭೆ ಮನಗಂಡಂತಿದೆ. 2018ರ ಕಾಯಿದೆಯೊಂದರಿಂದ ಆ ರಾಜ್ಯ ಗ್ರಾಮೀಣ ಆಸ್ಪತ್ರೆಗಳ ಮಂಡಳಿ ಸದಸ್ಯರಿಗೂ ಮುಖ್ಯಾಧಿಕಾರಿಗಳಿಗೂ ತರಬೇತಿಯನ್ನು ಕಡ್ಡಾಯಗೊಳಿಸಿತು. ಅದಕ್ಕಾಗಿ ಹುಟ್ಟಿದ ಕೇಂದ್ರ ಮೇಕನ್ ನಗರದ ಮರ್ಸರ್ ವಿಶ್ವವಿದ್ಯಾಲಯದಲ್ಲಿದೆ. ಹತ್ತಿ ಬೆಳೆಯುವವರೂ ಪಾದ್ರಿಗಳೂ ಈಗ ಆಸ್ಪತ್ರೆಯ ಆಯವ್ಯಯವನ್ನು ವಿದ್ಯಾರ್ಥಿಗಳಂತೆ ಕಲಿಯುತ್ತಾರೆ.

ನಮ್ಮ ನಾಡಿನಲ್ಲೂ ಗಾಳಿ ಬದಲಾಗಿದೆ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನಲ್ಲಿ, ಮೈಸೂರು ಮೆಡಿಕಲ್ ಕಾಲೇಜಿನ ತರುಣರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆಸ್ಪತ್ರೆಯನ್ನು ನಡೆಸುತ್ತಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳು ಬಂದುವು. ಭೋರ್ ವರದಿಯಲ್ಲಿದ್ದ ಊರವರ ಸಮಿತಿ ಅರವತ್ತು ವರ್ಷ ತಡವಾಗಿಯಾದರೂ ಹುಟ್ಟಿತು. ಎಲ್ಲ ಸಮಿತಿಗಳೂ ಚುರುಕಾಗಿವೆ ಎನ್ನಲಾಗದು. ಆದರೆ ಕೂರಲು ಒಂದು ಮೇಜು ಈಗ ಅಲ್ಲಿಯೂ ಇದೆ.

ನಮ್ಮ ಪಾಲಿನ ಕೆಲಸ

2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾಯಿದೆ ಒಂದು ಕೈಯಿಂದ ಮೆಡಿಕೇಡ್ ವೆಚ್ಚವನ್ನು ಮೊಟಕುಗೊಳಿಸಿ, ಇನ್ನೊಂದು ಕೈಯಿಂದ ಗ್ರಾಮೀಣ ಆರೋಗ್ಯಕ್ಕೆ ಐದು ವರ್ಷಗಳಲ್ಲಿ ಐದು ಸಾವಿರ ಕೋಟಿ ಡಾಲರುಗಳನ್ನು ಒದಗಿಸುತ್ತದೆ. ಈ ಹಣದಿಂದ ಯಾವ ಊರಿಗೆ ಏನು ದಕ್ಕೀತು ಎಂಬುದು ಬಹುಮಟ್ಟಿಗೆ ಆಯಾ ರಾಜ್ಯದ, ಆಯಾ ಊರಿನ ಮಂಡಳಿಗಳ ಎಚ್ಚರವನ್ನು ಅವಲಂಬಿಸಿದೆ. ಹಿಲ್-ಬರ್ಟನ್ ಕಾಲದಲ್ಲಿ ಕಂಡದ್ದೂ ಇದನ್ನೇ: ಹಣ ವಾಷಿಂಗ್ಟನ್ನಿನಿಂದ ಬಂದೀತು, ಹೂಳೆತ್ತುವ ಕೆಲಸ ಮಾತ್ರ ಊರಿನದೇ.

ವೈದ್ಯರಲ್ಲದವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸಬಾರದು. ಆಸ್ಪತ್ರೆಯ ಮಂಡಳಿಗಳಿಗೆ ಲೆಕ್ಕಪರಿಶೋಧಕರು ಬೇಕು. ರೋಗಿಗಳ ದಾಖಲೆಯನ್ನು ಕಳ್ಳರಿಂದ ಕಾಪಾಡಬಲ್ಲ ಕಂಪ್ಯೂಟರ್ ತಜ್ಞರು ಬೇಕು. ಸೂರಿನ ಸ್ಥಿತಿಯನ್ನು ನೋಡಿ ಹೇಳಬಲ್ಲ ಎಂಜಿನಿಯರುಗಳು ಬೇಕು. ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ ಮೊದಲಾದ ಕೂಟಗಳನ್ನು ವರ್ಷಾನುಗಟ್ಟಲೆ ನಡೆಸಿದವರಿಗೆ ಈ ವಿದ್ಯೆ ಹೊಸದೇನಲ್ಲ. ಸಭಾಂಗಣದ ಬಾಡಿಗೆ, ಖಜಾಂಚಿಯ ಲೆಕ್ಕ, ಯುಗಾದಿಯ ಊಟಕ್ಕೆ ಹೆಸರು ಕೊಡದೆ ಬಂದ ಅರವತ್ತು ಮಂದಿ, ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಲ್ಲುವ ಹಿರಿಯರು: ಇಷ್ಟನ್ನು ನಿಭಾಯಿಸಿದವರು ಆಸ್ಪತ್ರೆಯ ಮಂಡಳಿಗೆ ಹೆದರಬೇಕಾಗಿಲ್ಲ.

ನಗರದ ಹೊರವಲಯದ ನಮ್ಮ ಮನೆಗಳಿಂದ ಒಂದೂವರೆ ಗಂಟೆಯ ದಾರಿಯೊಳಗೆ ಇಂಥ ಆಸ್ಪತ್ರೆಯೊಂದು ಇದ್ದೇ ಇರುತ್ತದೆ. ಅನೇಕ ಕೌಂಟಿ ಆಸ್ಪತ್ರೆಗಳ ಮಂಡಳಿಯ ಸಭೆಗೆ ಸಾರ್ವಜನಿಕರೂ ಹೋಗಬಹುದು. ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ನಿವೃತ್ತರಾದ ವೈದ್ಯ ಮಿತ್ರರು ತಾವು ಮೊದಲು ಮೂರು ವರ್ಷ ದುಡಿದ ಊರಿಗೆ ಒಂದು ಪತ್ರ ಬರೆದು, ತಮ್ಮಿಂದೇನಾದರೂ ಆಗಬೇಕೆ ಎಂದು ಕೇಳಿ. ರಜೆಯಲ್ಲಿ ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಎಂದು ಸೇರುತ್ತದೆಂದು ವಿಚಾರಿಸಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಅಂದು ಬೇಡವೆಂದ ಕುರ್ಚಿ ಈಗ ಸಿಗುವಂತಿಲ್ಲ. ಆದ್ದರಿಂದ ಉತ್ತರ ಜಾರ್ಜಿಯದ ಇನ್ನೊಂದು ಸಣ್ಣ ಊರಿನ ಮಂಡಳಿಗೆ ಕಳೆದ ವರ್ಷ ಅರ್ಜಿ ಹಾಕಿದೆವು. ಉತ್ತರ ಇನ್ನೂ ಬಂದಿಲ್ಲ. ಅವರ ಸಭೆ ತಿಂಗಳ ಮೂರನೆಯ ಮಂಗಳವಾರ. ಸದ್ಯಕ್ಕೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೇವೆ.

ಹೋಳಿಗೆ ಆರುವ ಮುನ್ನ ಮಾತು ಮುಗಿಸುತ್ತೇವೆ.